ಮಗಳ ಪಾದದ ಜೋಮು: ಔಷಧದಿಂದಲೋ, ವಂಶದಿಂದಲೋ?

ಪ್ರಶ್ನೆ: ಡೊಂಬಿವಲಿಯಿಂದ ಒಬ್ಬ ತಾಯಿ

ಮಗಳಿಗೆ ಐದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಿತ್ತು. ಎರಡೂವರೆ ವರ್ಷ ಚಿಕಿತ್ಸೆ ನಡೆದು, ಗುಣವಾಗಿ ಈಗ ಆರು ವರ್ಷಗಳಾಗಿವೆ. ಆದರೆ ಪಾದಗಳ ಜೋಮು ಹೋಗಿಲ್ಲ. ಚಪ್ಪಲಿ ಕಾಲಿನಿಂದ ಜಾರಿದ್ದು ಅವಳಿಗೆ ತಿಳಿಯುವುದಿಲ್ಲ, ಲೋಕಲ್ ಹತ್ತುವಾಗ ಬೆರಳು ತಾಗಿ ಎಡವುತ್ತಾಳೆ. ಪಕ್ಕದ ಹಾಸಿಗೆಯಲ್ಲಿ ಅವಳಂತೆಯೇ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಪಡೆದ ಹುಡುಗ ಈಗ ಕಬಡ್ಡಿ ಆಡುತ್ತಾನೆ. ಈ ವ್ಯತ್ಯಾಸ ಜೀನ್‌ಗಳಿಂದ ಬಂದದ್ದೆ? ಪರೀಕ್ಷೆ ಮಾಡಿಸಬೇಕೆ?

ಉತ್ತರ: ಪುಣೆ, ಔಷಧಶಾಸ್ತ್ರದ ಅಧ್ಯಾಪಕ

ನಿತ್ಯಪುಷ್ಪದ ಗಿಡದಿಂದ ದೊರೆತ ಈ ಔಷಧವು, ಕೋಶ ಒಡೆದು ಎರಡಾಗಲು ಬೇಕಾದ ಸೂಕ್ಷ್ಮನಾಳಿಕೆಗಳನ್ನು ಕಟ್ಟಿಕೊಳ್ಳಲು ಬಿಡದೆ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಆದರೆ ಬೆನ್ನಿನಿಂದ ಕಾಲ್ಬೆರಳವರೆಗೆ ಚಾಚಿದ ನರತಂತುವಿನೊಳಗೆ ಸಾಮಗ್ರಿ ಸಾಗುವುದೂ ಇದೇ ನಾಳಿಕೆಗಳ ಹಳಿಯ ಮೇಲೆಯೇ; ಆದ್ದರಿಂದ ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು. 2015ರಲ್ಲಿ ಅಮೆರಿಕದಲ್ಲಿ 321 ಮಕ್ಕಳನ್ನು ಪರಿಶೀಲಿಸಿದಾಗ, ಸಿಇಪಿ72 ಜೀನಿನ ಒಂದು ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರಲ್ಲಿ ನರಹಾನಿ ಹೆಚ್ಚಾಗಿಯೂ ತೀವ್ರವಾಗಿಯೂ ಕಂಡಿತು. ಈ ಔಷಧವನ್ನು ಯಕೃತ್ತಿನಲ್ಲಿ ಕರಗಿಸುವ ಸಿವೈಪಿ3ಎ5 ಕಿಣ್ವವೂ ಎಲ್ಲರಲ್ಲಿ ಸಮನಾಗಿರುವುದಿಲ್ಲ. ಆದರೂ ನಂತರದ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ. ಮುಗಿದ ಚಿಕಿತ್ಸೆಯನ್ನು ಅರ್ಥೈಸಲು ಇಂಥ ಪರೀಕ್ಷೆಗೆ ಹಣ ಸುರಿಯುವುದು ನನಗಂತೂ ಸರಿಕಾಣದು.

ಉತ್ತರ: ಮಾಟುಂಗಾ, ನಿವೃತ್ತ ಫಿಸಿಯೋಥೆರಪಿಸ್ಟ್

ಅಧ್ಯಾಪಕರ ಮಾತು ಸರಿ, ಆದರೆ ಒಂದು ಜೀನಿನ ವಿಷಯ ಬೇರೆಯೇ. ಶಾರ್ಕೋ-ಮರಿ-ಟೂತ್ ಎಂಬ ವಂಶವಾಹಿ ನರರೋಗದ ಸಾಮಾನ್ಯ ಬಗೆಯಲ್ಲಿ 17ನೆಯ ವರ್ಣತಂತುವಿನ ಪಿಎಂಪಿ22 ಜೀನ್ ಇಮ್ಮಡಿಯಾಗಿರುತ್ತದೆ. ಅದು ಇರುವವರಿಗೆ ವಿನ್‌ಕ್ರಿಸ್ಟಿನ್‌ನ ಕೆಲವೇ ಡೋಸ್‌ಗಳು ಕಾಲನ್ನು ಕೆಡಿಸಬಲ್ಲವು. ಎಷ್ಟೋ ಮನೆಗಳಲ್ಲಿ ರೋಗ ಬಯಲಾಗುವುದೇ ಹಾಗೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ತಾಯಿ, ಮೊದಲು ಮನೆಯವರ ಪಾದಗಳನ್ನು ನೋಡಿ: ಅಂಗಾಲಿನ ಕಮಾನು ಎತ್ತರವಾಗಿದೆಯೆ, ಬೆರಳು ಮುದುಡಿವೆಯೆ, ಮೀನಖಂಡ ಬಡಕಲಾಗಿದೆಯೆ? ಹಾಗೆಯೇ ಹಳೆಯ ಫೈಲಿನಲ್ಲಿ, ವಿನ್‌ಕ್ರಿಸ್ಟಿನ್ ಜೊತೆಗೆ ಶಿಲೀಂಧ್ರದ ಸೋಂಕಿಗೆ ಇಟ್ರಾಕೊನಜೋಲ್ ಅಥವಾ ವೊರಿಕೊನಜೋಲ್ ಕೊಟ್ಟಿದ್ದರೆ ಗುರುತಿಸಿಡಿ. ಅವು ಔಷಧ ಕರಗುವುದನ್ನು ತಡೆದು ನಂಜನ್ನು ಹೆಚ್ಚಿಸುತ್ತವೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಗುಣವಾದ ಮಕ್ಕಳಿಗೆಂದೇ 1991ರಿಂದ ಒಂದು ಕ್ಲಿನಿಕ್ ಇದೆ. ನರಗಳ ವೇಗ ಅಳೆಯುವ ಪರೀಕ್ಷೆ ಮೊದಲಾಗಲಿ, ಜೀನ್ ಪರೀಕ್ಷೆಯನ್ನು ಆಮೇಲೆ ವೈದ್ಯರೇ ನಿರ್ಧರಿಸುವರು. ಈ ನಡುವೆ ಪಾದ ಎತ್ತಿ ಹಿಡಿಯುವ ಪಟ್ಟಿ ಕಟ್ಟಿಸಿ, ಎಡವುವುದು ಕಡಿಮೆಯಾಗುತ್ತದೆ.

ಡೊಂಬಿವಲಿಯ ತಾಯಿ

ಇಬ್ಬರಿಗೂ ನಮಸ್ಕಾರ. ಧಾರವಾಡದಲ್ಲಿದ್ದ ನಮ್ಮ ಮಾವನವರಿಗೆ ಅಂಗಡಿಯ ಬೂಟು ಹಿಡಿಯುತ್ತಿರಲಿಲ್ಲ, ಅಳತೆ ಕೊಟ್ಟು ಹೊಲಿಸುತ್ತಿದ್ದರು. ಹೊಲದಲ್ಲಿ ದುಡಿದ ಕಾಲು ಎಂದಷ್ಟೇ ನಾವು ತಿಳಿದಿದ್ದೆವು. ಇಂದು ಬೆಳಿಗ್ಗೆ ಏಳು ವರ್ಷದ ಮಗ ಸ್ನಾನ ಮುಗಿಸಿ ಬಂದಾಗ ನೆಲದ ಮೇಲಿನ ಒದ್ದೆ ಹೆಜ್ಜೆ ನೋಡಿದೆ. ಹಿಮ್ಮಡಿ ಮತ್ತು ಮುಂಗಾಲು ಮಾತ್ರ ಮೂಡಿವೆ, ನಡುವಿನ ಭಾಗ ಒಣಗಿಯೇ ಇದೆ. ಅವನನ್ನೂ ಅವನ ತಂದೆಯನ್ನೂ ಮಗಳ ಜೊತೆಗೇ ನರತಜ್ಞರ ಬಳಿಗೆ ಕರೆದೊಯ್ಯುತ್ತೇನೆ.