ನನ್ನಾರಿ ಪಾಕಕ್ಕೆ ಯಾವ ಬಾಟಲಿ ಹಾಕಲಿ? ತಿರುಗಿ ಬರುವಂಥದ್ದು ಬೇಕು

ಸೋಡಾ ಅಂಗಡಿ, ಬಳ್ಳಾರಿ

ನಮಸ್ಕಾರ. ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಸೋಡಾ ಅಂಗಡಿ. ಅತ್ತೆಯವರ ಕಾಲದಿಂದ ನನ್ನಾರಿ ಬೇರು ಕುದಿಸಿ ಪಾಕ ಮಾಡುತ್ತೇವೆ. ಅಂಗಡಿಯಲ್ಲೇ ಕುಡಿಯುವವರಿಗೆ ಗಾಜಿನ ಗ್ಲಾಸು, ಅದರ ಚಿಂತೆ ಇಲ್ಲ. ಮನೆಗೆ ಒಯ್ಯುವವರಿಗೆ ಎರಡು ವರ್ಷದಿಂದ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪಾಕ ತುಂಬಿ ಕೊಡುತ್ತಿದ್ದೇನೆ. ಹಸಿರು ಬಣ್ಣ, ಮೈತುಂಬ ಹೊಳೆಯುವ ಲೇಬಲ್. ಚಂದ ಕಾಣುತ್ತೆ ಅಂತ ನಾನೇ ಆರಿಸಿದ್ದು.

ಮೊನ್ನೆ ಮಳೆಗೆ ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡಿತು. ಕೋಲು ಹಾಕಿ ಎಳೆದರೆ ಮೊದಲು ಬಂದದ್ದೇ ನಮ್ಮ ಬಾಟಲಿ. ಒಳಗೆಲ್ಲಾ ಕೆಸರು, ಲೇಬಲ್ ಮೇಲೆ ಅತ್ತೆಯವರ ಹೆಸರು ಮಾತ್ರ ಹಾಗೇ ಇತ್ತು. ಪಕ್ಕದಲ್ಲೇ ನಿಂತಿದ್ದ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಗುಜರಿಯವರು ಆಯ್ದುಕೊಳ್ತಾರೆ ಅಂತ ನಂಬಿದ್ದೆ. ಕೇಳಿದರೆ, "ಬಿಳಿ ಬಾಟಲಿ ಇದ್ರೆ ಕೊಡಿ ಅಕ್ಕಾ, ಇದು ಬೇಡ" ಅಂದರು. ಯಾಕೆ ಬೇಡ? ಗಾಜಿಗೆ ಹೋಗೋಣ ಅಂದ್ರೆ ತೂಕ ಜಾಸ್ತಿ, ಒಡೆಯುತ್ತೆ. ಜ್ಯೂಸ್ ಬರುತ್ತಲ್ಲ, ಆ ಪೇಪರ್ ಡಬ್ಬಿ ಆಗುತ್ತಾ? ವಾರಕ್ಕೆ 200 ಬಾಟಲಿ ಹೋಗುತ್ತವೆ. ಬಹಳಷ್ಟು ಊರೊಳಗೇ, ಉಳಿದವು ಕುರುಗೋಡು, ಸಿರುಗುಪ್ಪ ಕಡೆಗೆ.

ಗುಜರಿ ವ್ಯಾಪಾರ, ರಾಯಚೂರು

ಅಕ್ಕಾ, ಬಣ್ಣ ಇಲ್ಲದ ಬಾಟಲಿ ಪುಡಿ ಮಾಡಿದರೆ ಮುಂದೆ ಯಾವ ಬಣ್ಣ ಬೇಕಾದರೂ ಹಾಕಬಹುದು. ಹಸಿರು ಪುಡಿ ಬಿಳಿ ಆಗಲ್ಲ, ಅದಕ್ಕೇ ರೇಟ್ ಕಮ್ಮಿ. ಮೈತುಂಬ ಸುತ್ತಿದ ಲೇಬಲ್ ಇನ್ನೂ ಕಷ್ಟ. ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸರು ಒಂದೊಂದನ್ನೂ ಬ್ಲೇಡಿನಿಂದ ಸೀಳಿ ಕೀಳಬೇಕು. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೂರುತ್ತಾರೆ.

ಪೇಪರ್ ಡಬ್ಬಿ ಬೇಡವೇ ಬೇಡ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಒಂದರ ಮೇಲೊಂದು ಅಂಟಿರುತ್ತವೆ. ಬಿಡಿಸುವ ಮಿಲ್ಲೇ ಬೇರೆ. ನನ್ನ ಹತ್ತಿರ ತಂದರೆ ನಾನು ತಗೊಳ್ಳಲ್ಲ.

ಪಾಲಿಮರ್ ಓದಿದವನು, ಕೊಪ್ಪಳ

ಲೇಬಲ್ ವಿಷಯ ಅಣ್ಣ ಹೇಳಿದ್ದಕ್ಕಿಂತ ಗಂಭೀರ. ಬಾಟಲಿ ಪುಡಿಯನ್ನು ನೀರಿನ ತೊಟ್ಟಿಗೆ ಸುರಿದಾಗ ಪೆಟ್ (ಬಾಟಲಿಯ ಪ್ಲಾಸ್ಟಿಕ್) ಮುಳುಗುತ್ತದೆ, ಮುಚ್ಚಳದ ಪುಡಿ ತೇಲುತ್ತದೆ. ಸುಲಭವಾಗಿ ಬೇರೆಯಾಗುತ್ತವೆ. ಆದರೆ ಲೇಬಲ್ ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್ಕಿನದಾದರೆ ಪೆಟ್ ಜೊತೆ ಅದೂ ಮುಳುಗುತ್ತದೆ. ಪೆಟ್ ಕರಗಿಸಲು ಸುಮಾರು 250 ಡಿಗ್ರಿ ಕಾವು ಬೇಕು. ಅಷ್ಟರಲ್ಲಿ ಪಿವಿಸಿ ಕೆಟ್ಟು ಆಮ್ಲ ಬಿಡುತ್ತದೆ, ಇಡೀ ಮಾಲು ಹಳದಿ ತಿರುಗುತ್ತದೆ. ಪಾಕ ತಳ ಹಿಡಿದರೆ ಒಂದು ಪಾತ್ರೆ ಪೂರ್ತಿ ಹೋಗುತ್ತಲ್ವಾ, ಹಾಗೇ.

ನಿಮ್ಮ ಗಿರಾಕಿಗಳು ಹತ್ತಿರದಲ್ಲೇ ಇರುವುದರಿಂದ ಗಾಜೇ ಸರಿ. ಹಳೇ ಗೋಲಿ ಸೋಡಾ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಮುಚ್ಚಳವೇ ಇಲ್ಲ, ಗೋಲಿ ಒಳಗೇ ಇರುತ್ತೆ. ಕುಡಿದವರು ಅಲ್ಲೇ ಕೊಟ್ಟು ಹೋಗುತ್ತಿದ್ದರು. ಒಂದೇ ಸಲ ಬಳಸಿ ಎಸೆಯುವುದಾದರೆ ಮಾತ್ರ ಗಾಜು ತರಬೇಡಿ. ಗಾಜಿನ ಕುಲುಮೆ 1500 ಡಿಗ್ರಿ ಆಸುಪಾಸು ಉರಿಯುತ್ತದೆ, ಅಷ್ಟು ಇಂಧನ ಸುಮ್ನೆ ಹಾಳು.

ಬೇಕರಿ, ಗಂಗಾವತಿ

ಠೇವಣಿ ಇಡಿಸಿ ಅಕ್ಕಾ. ನಾವು ಮೊಸರಿನ ಗಾಜಿನ ಡಬ್ಬಿ ನಂಬಿಕೆ ಮೇಲೆ ಕೊಟ್ಟಾಗ ಅರ್ಧವೂ ಬರಲಿಲ್ಲ. ಡಬ್ಬಿಗೆ 20 ರೂಪಾಯಿ ಇಟ್ಟ ಮೇಲೆ ಮಕ್ಕಳೇ ಓಡಿ ಬಂದು ಕೊಡ್ತಾರೆ. ನೀಲಗಿರಿಯಲ್ಲಿ ಸರ್ಕಾರಿ ಮದ್ಯದಂಗಡಿಯವರು 2022ರಿಂದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ಬಾಟಲಿ ಕೊಟ್ಟಾಗ ವಾಪಸ್ ಕೊಡುತ್ತಾರೆ.

ಬಂದ ಬಾಟಲಿ ಮೂಸಿ ನೋಡಿಯೇ ತಗೊಳ್ಳಿ. ಒಂದರಲ್ಲಿ ಸೀಮೆಎಣ್ಣೆ ವಾಸನೆ ಇತ್ತು, ಪಕ್ಕಕ್ಕಿಟ್ಟೆ.

ಸೋಡಾ ಅಂಗಡಿ, ಬಳ್ಳಾರಿ

ಎಲ್ಲರಿಗೂ ಶರಣು. ಬಣ್ಣವಿಲ್ಲದ ಗಾಜಿನ ಬಾಟಲಿ 60 ತರಿಸಿದೆ, ಠೇವಣಿ 20 ರೂಪಾಯಿ. ಸಣ್ಣ ಕಾಗದದ ಚೀಟಿಯನ್ನು ಮೈದಾ ಅಂಟಿನಿಂದ ಹಚ್ಚಿದೆ. ಬಿಸಿ ನೀರಲ್ಲಿ ಹತ್ತು ನಿಮಿಷ ಇಟ್ಟರೆ ಉಗುರು ತಾಗಿಸದೆ ಜಾರಿ ಬರುತ್ತೆ. ಸಿರುಗುಪ್ಪಕ್ಕೆ ಸದ್ಯಕ್ಕೆ ಕಳಿಸುತ್ತಿಲ್ಲ, ಅಲ್ಲಿಂದ ವಾಪಸ್ ತರುವವರು ಸಿಗಬೇಕು.

ಮೊದಲ ವಾರ 41 ಹೋದವು, 17 ಬಂದಿವೆ. ಅತ್ತೆಯವರೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತೊಳೆಯಲು ಕೊಡುತ್ತಾರೆ. ಗಂಗಾವತಿ ಅಣ್ಣಾ, ನೀವು ಮುಚ್ಚಳ ಯಾವುದು ಹಾಕ್ತೀರಿ? ನನ್ನ ತಗಡಿನ ಮುಚ್ಚಳದ ಅಂಚಿನಲ್ಲಿ ಪಾಕ ಕೂತು ಎರಡನೇ ಸಲಕ್ಕೇ ತುಕ್ಕು ಕಾಣ್ತಿದೆ.