ಶಿಕಾರಿಪುರದ ಬಿಸಿಲಲ್ಲಿ ಬೋಗನ್‌ವಿಲ್ಲಾ ಯಾಕೆ ಹೂ ಬಿಡ್ತಿಲ್ಲ?

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿ ಹತ್ತಿರ. ಅಲ್ಲಿಯ ಕಾಗದದ ಹೂವಿನ ಬಳ್ಳಿಯಿಂದ ಕಡ್ಡಿ ತಂದು ಶಿಕಾರಿಪುರದ ಮನೆ ಕಾಂಪೌಂಡ್ ಪಕ್ಕ ನೆಟ್ಟು ಮೂರು ವರ್ಷ ಆಯ್ತು. ಎಂಟು ಅಡಿ ಬೆಳೆದಿದೆ, ಬರೀ ಎಲೆ. ಇಲ್ಲಿ ಒಣ ಹವೆ ಅಂತ ದಿನಾ ಒಂದು ಕೊಡ ನೀರು, ತಿಂಗಳಿಗೊಮ್ಮೆ ಸಗಣಿ ನೀರು ಕೊಡ್ತೇನೆ. ತವರಲ್ಲಿ ಫೆಬ್ರವರಿಯಲ್ಲಿ ಗೋಡೆಯೇ ಕಾಣುವುದಿಲ್ಲ, ಅಷ್ಟು ಹೂ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತವರಿನ ಬಳ್ಳಿಗೆ ಫೆಬ್ರವರಿಯಲ್ಲಿ ಯಾರಾದರೂ ನೀರು ಹಾಕ್ತಾರಾ? ಇಲ್ಲ ಅಲ್ವಾ? ಮಲೆನಾಡಿನಲ್ಲಿ ಮಳೆ ಎಷ್ಟೇ ಸುರಿದರೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಬೇರು ಒಣಗುತ್ತದೆ. ಆ ಒಣಗುವಿಕೆಯೇ ಹೂ ತರಿಸುವುದು. ಹಗಲು ಚಿಕ್ಕದಾಗುವ ಚಳಿಗಾಲವೂ ಜೊತೆಗೆ ಸೇರುತ್ತದೆ. ನಿಮ್ಮ ಬಳ್ಳಿಗೆ ಮಾತ್ರ ವರ್ಷಪೂರ್ತಿ ಮಳೆಗಾಲ! ಅಡಿಕೆ ಸಸಿ ಸಾಕಿದ ಕೈಗೆ ನೀರು ನಿಲ್ಲಿಸಲು ಮನಸ್ಸು ಬರುವುದಿಲ್ಲ, ನನಗೆ ಅರ್ಥ ಆಗುತ್ತದೆ. ಆದರೂ ನಿಲ್ಲಿಸಿ.

ಮಧ್ಯಾಹ್ನ ಎಳೆ ತುದಿ ಬಾಗುವುದು ಸಹಜ. ಮಾರನೇ ದಿನ ಬೆಳಿಗ್ಗೆಯೂ ಬಾಗಿಯೇ ಇದ್ದರೆ ಬುಡ ಪೂರ್ತಿ ನೆನೆಯುವಷ್ಟು ನೀರು ಕೊಡಿ. ಮತ್ತೆ ಬಾಗುವವರೆಗೆ ಮುಟ್ಟಬೇಡಿ.

ಸಗಣಿ ನೀರೂ ಸದ್ಯ ಬೇಡ. ಸಾರಜನಕ ಜಾಸ್ತಿಯಾದರೆ ಬಳ್ಳಿ ಎಲೆಯಲ್ಲೇ ಮೈ ಮರೆಯುತ್ತದೆ. ಒಂದೆರಡು ಹಿಡಿ ಬೂದಿ ಸಾಕು.

ಮೊಗ್ಗು ಬಂದಾಗ ಒಂದು ಗೊಂಚಲು ಕಿತ್ತು ಕಣ್ಣ ಹತ್ತಿರ ಹಿಡಿದು ನೋಡಿ. ನಾವು ಹೂ ಅನ್ನುವ ಬಣ್ಣದ ಮೂರು ದಳಗಳು ನಿಜಕ್ಕೆ ಎಲೆಗಳೇ. ಅದರಲ್ಲಿ ನರಗಳು ಕಾಣುತ್ತವೆ. ಒಂದೊಂದರ ಮೇಲೂ ಕೊಳವೆಯಂಥ ಪುಟ್ಟ ಬಿಳಿ ಹೂ ಅಂಟಿಕೊಂಡಿರುತ್ತದೆ, ನಿಜವಾದ ಹೂ ಅದು. ನನಗೆ ಇವತ್ತಿಗೂ ನೋಡಿ ಮುಗಿಯದ ಚಂದ.

ಪ್ರಶ್ನೆ: ತುಂಬಾ ಉಪಕಾರ. ಪಕ್ಕದಲ್ಲಿ ಮಾವಿನ ಮರ ಇದೆ, ಹನ್ನೊಂದು ಗಂಟೆ ಮೇಲೆ ನೆರಳು. ಕಿತ್ತು ಬೇರೆ ಕಡೆ ನೆಡಲಾ?

ಉತ್ತರ: ಬೇಡವೇ ಬೇಡ. ಇದರ ಬೇರು ತುಂಬಾ ಸೂಕ್ಷ್ಮ, ಮಣ್ಣಿನ ಹೆಂಟೆ ಒಡೆದರೆ ಗಿಡ ಉಳಿಯುವುದು ಕಷ್ಟ. ಆದರೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮಾವಿನ ಆ ಕಡೆಯ ಕೊಂಬೆ ಸವರಿಸಿ, ಇಲ್ಲವೇ ಬಳ್ಳಿಯನ್ನು ಬಿಸಿಲಿರುವ ಕಡೆಗೆ ಬಾಗಿಸಿ ಕಟ್ಟಿ. ಹೂ ಬರುವುದು ಹೊಸ ಚಿಗುರಲ್ಲಿ. ಹಾಗಾಗಿ ಒಂದು ಸುತ್ತು ಹೂ ಮುಗಿದ ಮೇಲೆ ಉದ್ದ ಕೊಂಬೆಗಳ ತುದಿ ಕತ್ತರಿಸಿ, ಕವಲು ಒಡೆಯುತ್ತದೆ. ಮುಳ್ಳು ಚೂಪು, ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ್ದರಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಎಸೆಯಬೇಡಿ. ಕೆಂಪು ಮಣ್ಣು, ಮರಳು ಬೆರೆಸಿ ನೆರಳಲ್ಲಿ ನೆಟ್ಟರೆ ಬೇರು ಬಿಡುತ್ತವೆ. ಮಾವು ಸವರಲು ಆಗದಿದ್ದರೆ ಬಿಸಿಲಿನ ಜಾಗಕ್ಕೆ ಆ ಸಸಿಗಳೇ ಆಗುತ್ತವೆ.