ಮಕ್ಕಳನ್ನು ಹೊರಗೆ ಎಳೆಯಲು ಲೆಟರ್‌ಬಾಕ್ಸಿಂಗ್

ಶನಿವಾರ ಬಂದರೆ ಮಕ್ಕಳು ಸೋಫಾ ಬಿಟ್ಟು ಏಳುವುದಿಲ್ಲ, ವಾಕಿಂಗ್ ಅಂದರೆ ಮುಖ ಸಿಂಡರಿಸುತ್ತಾರೆ, ಏನು ಮಾಡೋದು ಅಂತ ಕೇಳಿದ್ದಿರಿ. ಲೆಟರ್‌ಬಾಕ್ಸಿಂಗ್ ಮಾಡಿ ನೋಡಿ. ಸುಮ್ನೆ ನಡಿ ಅಂದರೆ ಯಾವ ಮಗುವೂ ನಡೆಯುವುದಿಲ್ಲ. ಹುಡುಕಬೇಕಾದ್ದು ಏನೋ ಇದೆ ಅಂದರೆ ನಮ್ಮನ್ನೇ ಹಿಂದೆ ಬಿಟ್ಟು ಓಡುತ್ತವೆ.

ಆಟ ಇಷ್ಟೇ. ಯಾರೋ ಒಬ್ಬರು ನೀರು ಒಳಗೆ ಹೋಗದಂಥ ಸಣ್ಣ ಡಬ್ಬಿಯನ್ನು ಕಾಡಿನಲ್ಲೋ ಪಾರ್ಕಿನಲ್ಲೋ ಅಡಗಿಸಿಟ್ಟಿರುತ್ತಾರೆ. ಒಳಗೆ ಒಂದು ರಬ್ಬರ್ ಸ್ಟ್ಯಾಂಪ್, ಒಂದು ಪುಟ್ಟ ಪುಸ್ತಕ. ಎಲ್ಲಿದೆ ಅನ್ನುವ ಸುಳಿವು ಇಂಟರ್ನೆಟ್‌ನಲ್ಲಿ ಸಿಗುತ್ತದೆ. ನಾವು ನಮ್ಮದೇ ಸ್ಟ್ಯಾಂಪ್, ಪುಸ್ತಕ, ಇಂಕ್ ಪ್ಯಾಡ್ ಹಿಡಿದು ಹೋಗಬೇಕು. ಡಬ್ಬಿ ಸಿಕ್ಕರೆ ಅವರ ಸ್ಟ್ಯಾಂಪ್ ನಮ್ಮ ಪುಸ್ತಕಕ್ಕೆ, ನಮ್ಮದು ಅವರ ಪುಸ್ತಕಕ್ಕೆ. ಪಕ್ಕದಲ್ಲಿ ತಾರೀಖು, ನಾವೇ ಇಟ್ಟುಕೊಂಡ ಒಂದು ಅಡ್ಡಹೆಸರು. ಆಮೇಲೆ ಡಬ್ಬಿ ಇದ್ದ ಜಾಗಕ್ಕೇ ವಾಪಸ್. ಏನನ್ನೂ ಮನೆಗೆ ತರುವಂತಿಲ್ಲ.

ಇದು ಜಿಯೋಕ್ಯಾಶಿಂಗ್ ಅಲ್ವಾ ಅಂತ ಯಾರಾದರೂ ಕೇಳುತ್ತೀರಿ, ಗೊತ್ತು. ಅದೂ ಅಡಗಿಸಿಟ್ಟ ಡಬ್ಬಿ ಹುಡುಕುವ ಆಟವೇ, ಆದರೆ 2000ದಲ್ಲಿ ಜಿಪಿಎಸ್ ಇಟ್ಟುಕೊಂಡೇ ಶುರುವಾದದ್ದು, ಅಲ್ಲಿ ದಾರಿ ತೋರಿಸುವುದು ಫೋನು. ಇಲ್ಲಿ ಸುಳಿವನ್ನು ಓದಿ ಅರ್ಥ ಮಾಡಿಕೊಳ್ಳಬೇಕು, ಹೆಜ್ಜೆ ಎಣಿಸಬೇಕು, ಕೆಲವು ಕಡೆ ದಿಕ್ಸೂಚಿ ನೋಡಬೇಕು. ಕೆಲವು ಸುಳಿವುಗಳು ಒಗಟಿನ ಥರ ಇರುತ್ತವೆ. ಫೋನಿಗೆ ಅಂಟಿಕೊಂಡ ಮಕ್ಕಳಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಆಟ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಜೇಮ್ಸ್ ಪೆರಟ್ ಅನ್ನುವ ಗೈಡ್ ಕ್ರಾನ್‌ಮಿಯರ್ ಪೂಲ್ ಹತ್ತಿರ ಒಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡ್ ಹಾಕಿ ಹೋಗಲಿ ಅಂತ. ಆಮೇಲೆ ಜನ ವಿಳಾಸ ಬರೆದ ಪೋಸ್ಟ್‌ಕಾರ್ಡ್ ಬಿಟ್ಟು ಬರತೊಡಗಿದರು, ಮುಂದೆ ಬಂದವರು ಅದನ್ನು ಒಯ್ದು ಅಂಚೆಗೆ ಹಾಕುತ್ತಿದ್ದರು. ಅಮೆರಿಕದಲ್ಲಿ ಇದು ಹರಡಿದ್ದು 1998ರಲ್ಲಿ ಸ್ಮಿತ್‌ಸೋನಿಯನ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ. ಇಂಗ್ಲೆಂಡಿನಲ್ಲಿ ಇರುವವರು ಕ್ರಾನ್‌ಮಿಯರ್‌ಗೆ ಹೋಗುವುದಾದರೆ ಒಂದು ಮಾತು: ಅದು ಸೇನೆ ಗುಂಡು ಹಾರಿಸುವ ಪ್ರದೇಶದೊಳಗಿದೆ. ಗುಂಡು ಹಾರಿಸುವ ಸಮಯ ನೋಡಿಕೊಂಡು ಹೊರಡಿ, ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬೇಡಿ.

ನನಗೆ ಹೆಚ್ಚು ಇಷ್ಟವಾಗುವುದು ಸ್ಟ್ಯಾಂಪ್ ಕೆತ್ತುವ ಕೆಲಸ. ಅಂಗಡಿಯ ಸ್ಟ್ಯಾಂಪ್ ನಡೆಯುತ್ತದೆ, ಆದರೆ ಅರ್ಧ ಮಜಾ ಹೋಯಿತು. ಕೆತ್ತಲೆಂದೇ ಮೆತ್ತನೆಯ ರಬ್ಬರ್ ತುಂಡುಗಳು ಸಿಗುತ್ತವೆ, ಜೊತೆಗೆ ಲಿನೋ ಕಟರ್ ಅನ್ನುವ ಕೆತ್ತುವ ಸಣ್ಣ ಉಳಿ ಬೇಕು. ಟ್ರೇಸಿಂಗ್ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಅದನ್ನು ರಬ್ಬರ್ ಮೇಲೆ ಬೋರಲು ಹಾಕಿ ಉಜ್ಜಿದರೆ ಚಿತ್ರ ತಾನಾಗಿಯೇ ತಿರುವುಮುರುವಾಗಿ ಇಳಿಯುತ್ತದೆ. ಒತ್ತಿದಾಗ ನೇರವಾಗಿ ಬರುತ್ತದೆ. ರಬ್ಬರ್ ಮೇಲೆ ನೇರವಾಗಿ ಬರೆಯಲು ಬಿಟ್ಟರೆ ಮಗುವಿನ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬೀಳುತ್ತದೆ.

ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೇ ಕೆತ್ತಿಸಿ. ನಮ್ಮ ಲಿಪಿ ಪೂರ್ತಿ ಬಳುಕು, ಆದ್ದರಿಂದ ಉಪಾಯ ಬೇಕು: ತಿರುವು ಬಂದಾಗ ಕಟರ್ ತಿರುಗಿಸಬೇಡಿ, ರಬ್ಬರನ್ನೇ ತಿರುಗಿಸಿ. ಗೆರೆಯ ಅಡಿ ಕೊರೆಯದೆ ಇಳಿಜಾರಾಗಿ ಕೆತ್ತಿ, ಇಲ್ಲದಿದ್ದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಕಿತ್ತು ಬರುತ್ತದೆ. ಒತ್ತಕ್ಷರಕ್ಕೆ ಆಮೇಲೆ ಕೈ ಹಾಕಿದರಾಯಿತು. ಬ್ಲೇಡ್ ಯಾವಾಗಲೂ ಕೈಯಿಂದ ಆಚೆಗೆ ಹೋಗಬೇಕು, ದೊಡ್ಡವರು ಪಕ್ಕದಲ್ಲೇ ಇರಬೇಕು. ತೀರಾ ಚಿಕ್ಕವರಿಗೆ ಬ್ಲೇಡೇ ಬೇಡ. ಫೋಮ್ ಹಾಳೆಯ ಮೇಲೆ ಬಾಲ್‌ಪೆನ್ ಒತ್ತಿ ಚಿತ್ರ ಬರೆಸಿ, ಬಾಟಲಿ ಮುಚ್ಚಳಕ್ಕೆ ಅಂಟಿಸಿ. ಒಂದೇ ಸ್ಟ್ಯಾಂಪಿನಲ್ಲಿ ಎರಡು ಮೂರು ಬಣ್ಣ ಬೇಕಾದರೆ ನೀರಿನ ಸ್ಕೆಚ್ ಪೆನ್ನುಗಳಿಂದ ಸ್ಟ್ಯಾಂಪಿಗೇ ಬಣ್ಣ ಹಚ್ಚಿ, ಬಾಯಿಂದ ಬಿಸಿ ಉಸಿರು ಬಿಟ್ಟು ಒತ್ತಿ. ಈ ಉಸಿರು ಬಿಡುವ ಕೆಲಸಕ್ಕೆ ಮಕ್ಕಳಲ್ಲಿ ಜಗಳ ಗ್ಯಾರಂಟಿ.

ಡಬ್ಬಿ ಹುಡುಕುವಾಗ ಪೊಟರೆಗೆ ಕೈ ಹಾಕುವ ಮೊದಲು ಕೋಲು ಆಡಿಸಿ. ಅಮೆರಿಕದಲ್ಲಿ ಮುಟ್ಟಿದರೆ ತುರಿಕೆ ಬರುವ ಮೂರೆಲೆಯ ಪಾಯ್ಸನ್ ಐವಿ ಗಿಡದ ಗುರುತು ಹಿಡಿಯಲು ಕಲಿಸಿ, ಮನೆಗೆ ಬಂದು ಮೈಮೇಲೆ ಉಣ್ಣಿ (ಟಿಕ್) ಇದೆಯಾ ನೋಡಿ. ಜನ ಓಡಾಡುತ್ತಿದ್ದರೆ ಶೂ ಲೇಸ್ ಕಟ್ಟುವ ನಾಟಕ ಮಾಡಿ, ಡಬ್ಬಿಯ ಗುಟ್ಟು ಬಯಲಾಗಬಾರದು.

ನಿಮ್ಮದೇ ಡಬ್ಬಿ ಇಡುವ ಆತುರ ಬೇಡ. ಮೊದಲು ಬೇರೆಯವರದನ್ನು ಹುಡುಕಿದರೆ ಎಂಥ ಜಾಗ ಒಳ್ಳೆಯದು ಅಂತ ತಿಳಿಯುತ್ತದೆ. ಡಬ್ಬಿ ಇಟ್ಟವರು ಆಗಾಗ ಹೋಗಿ ಪುಸ್ತಕ ಒದ್ದೆಯಾಗಿದೆಯಾ ನೋಡುತ್ತಿರಬೇಕು. ಪಾರ್ಕಿನವರ ಒಪ್ಪಿಗೆಯೂ ಬೇಕು, ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಂತೂ ಕೇಳದೆ ಏನನ್ನೂ ಇಡುವಂತಿಲ್ಲ.

ಒಂದೇ ಊರಿನಲ್ಲಿ ಇರುವ ನಾಲ್ಕೈದು ಮನೆಯವರು ಸೇರಿ, ಮನೆಗೊಂದು ಕನ್ನಡ ಅಕ್ಷರ ಕೆತ್ತಿ, ಒಂದೇ ದಾರಿಯ ಉದ್ದಕ್ಕೂ ಇಟ್ಟರೆ ಹೇಗೆ? ಸುಳಿವುಗಳೂ ಕನ್ನಡದಲ್ಲೇ. ಕೊನೆಯ ಡಬ್ಬಿ ಸಿಕ್ಕಾಗ ಪುಸ್ತಕದಲ್ಲಿ ಒಂದು ಪದ ಆಗಿರುತ್ತದೆ. ಯಾರಿಗೆ ಆಸಕ್ತಿ ಇದೆ, ಯಾವ ಊರು ಅಂತ ಇಲ್ಲೇ ಕೆಳಗೆ ಹೇಳಿ.